ಸಂತೆಗೆ ಹೋಗುವ ಸೈಕಲ್

ಜೂನ್ 3 ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಅದನ್ನು ಘೋಷಿಸಿದ ಮೇಲೆ ನಮ್ಮ ಊರುಗಳಲ್ಲೂ ಅಂದು ಬೆಳಿಗ್ಗೆ ಜಾಥಾಗಳು ಹೊರಡುತ್ತವೆ. ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ, 2013ರಿಂದ, ನಗರ ಭೂ ಸಾರಿಗೆ ನಿರ್ದೇಶನಾಲಯ ಮತ್ತು ನಾಗರಿಕ ಸಂಘಗಳು ಸೇರಿ ಬಡಾವಣೆಗಳಲ್ಲಿ ಸೈಕಲ್ ದಿನ ನಡೆಸಿವೆ. ಭಾನುವಾರ ಬೆಳಿಗ್ಗೆ ಕೆಲವು ಗಂಟೆ ಬೀದಿಗೆ ಮೋಟಾರು ವಾಹನ ಬಿಡುವುದಿಲ್ಲ. ಸೈಕಲ್ ಇಲ್ಲದವರಿಗೆ ಅಲ್ಲೇ ಒಂದು ಸಿಗುತ್ತದೆ. ಒಳ್ಳೆಯ ಕೆಲಸ. ತಮ್ಮ ಬೀದಿ ಎಷ್ಟು ಅಗಲವಾಗಿದೆ ಎಂಬುದು ಮಕ್ಕಳಿಗೆ ಕಾಣುವುದೇ ಅಂಥ ಹೊತ್ತಿನಲ್ಲಿ.

ಆದರೂ ಇಂಥ ಕಾರ್ಯಕ್ರಮ ಮಾಡುವವರನ್ನು ಒಂದು ಪ್ರಶ್ನೆ ಕೇಳಬೇಕು: ಜನರ ಯಾವ ಕೆಲಸಕ್ಕೆ ಈ ಸೈಕಲ್? ಆರೋಗ್ಯಕ್ಕೆ, ಪರಿಸರಕ್ಕೆ ಎಂದು ಕರೆದರೆ ಬಿಡುವಿದ್ದವರು ಬಂದು ಹೋಗುತ್ತಾರೆ. ನೀರಿಗೆ, ಶಾಲೆಗೆ, ಸಂತೆಗೆ ಎಂದು ಕರೆದರೆ ಊರೇ ಬರುತ್ತದೆ. ಪುದುಕೋಟೆಯಲ್ಲಿ ಆದದ್ದು ಅದೇ.

ತಮಿಳುನಾಡಿನ ಆ ಹಿಂದುಳಿದ ಜಿಲ್ಲೆಯಲ್ಲಿ 1991ರ ಸುಮಾರಿಗೆ ‘ಅರಿವೊಳಿ’ ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಆಗಿನ ಕಲೆಕ್ಟರ್ ಶೀಲಾರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲ್ ಸವಾರಿಯನ್ನೂ ಕಲಿಸಬೇಕೆಂದು ಹಟ ಹಿಡಿದರು. ಊರೂರು ಸುತ್ತಿ ಪಾಠ ಹೇಳಬೇಕಾದ ಕಾರ್ಯಕರ್ತೆಯರು ಬಸ್ಸಿಗೋ ಮನೆಯ ಗಂಡಸರಿಗೋ ಕಾಯುತ್ತ ಕೂತರೆ ಕೆಲಸ ಸಾಗುತ್ತಿರಲಿಲ್ಲ. ಸೈಕಲ್ ಕೊಳ್ಳಲು ಅವರಿಗೆ ಬ್ಯಾಂಕ್ ಸಾಲ ಸಿಗುವಂತೆ ನೋಡಿಕೊಂಡರು. ಕಾರ್ಯಕರ್ತೆಯರು ತುಳಿಯುವುದನ್ನು ಕಂಡು ಕೃಷಿ ಕೂಲಿಯವರು, ಕಲ್ಲುಗಣಿಯ ಹೆಂಗಸರು, ಅಂಗನವಾಡಿಯವರು, ಹಳ್ಳಿಯ ನರ್ಸುಗಳು ಕಲಿಯಲು ಬಂದರು. ಸೈಕಲ್ ಕಲಿಕೆಗೆಂದೇ ಒಂದು ಹಾಡೂ ಹುಟ್ಟಿತು. 1992ರ ಮಹಿಳಾ ದಿನದಂದು ಒಂದೂವರೆ ಸಾವಿರಕ್ಕೂ ಹೆಚ್ಚು ಹೆಂಗಸರು ಹ್ಯಾಂಡಲ್‌ಗೆ ಬಾವುಟ ಕಟ್ಟಿಕೊಂಡು, ಬೆಲ್ ಬಾರಿಸುತ್ತ ಪುದುಕೋಟೆ ಪಟ್ಟಣವನ್ನು ತುಂಬಿದರು. ಸಾರ್ವಜನಿಕ ಪ್ರದರ್ಶನ, ಸ್ಪರ್ಧೆಗಳಲ್ಲಿ ತುಳಿದು ತೋರಿಸಿದವರೇ ಎಪ್ಪತ್ತು ಸಾವಿರಕ್ಕೂ ಹೆಚ್ಚು.

ಇದನ್ನೆಲ್ಲ ದಾಖಲಿಸಿದವರು ಪತ್ರಕರ್ತ ಪಿ. ಸಾಯಿನಾಥ್. ಅವರು ಕೊಡುವ ವಿವರಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಗಂಡಸರ ಸೈಕಲ್ಲಿನದು. ಲೇಡೀಸ್ ಸೈಕಲ್ ಸಾಲದೆ ಹೋದಾಗ ಹೆಂಗಸರು ಗಂಡಸರ ಸೈಕಲ್ಲನ್ನೇ ಏರಿದರು. ಮುಂದಿನ ಬಾರ್ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು ಎಂದು ಕೆಲವರು ಅದನ್ನೇ ಬಯಸಿದರು! ನೀರು ತಂದರು, ಬೆಳೆದದ್ದನ್ನು ನಾಲ್ಕು ಹಳ್ಳಿ ಸುತ್ತಿ ಮಾರಿದರು, ಬಸ್ಸಿಗೆ ಕಾಯುವ ಹೊತ್ತನ್ನು ಉಳಿಸಿ ಗಳಿಕೆ ಹೆಚ್ಚಿಸಿಕೊಂಡರು. ಮೊದಮೊದಲು ಹೊಲಸು ಮಾತೂ ಕೇಳಬೇಕಾಯಿತು. ಹತ್ತು ಜನ ಒಟ್ಟಿಗೆ ಹೊರಟಾಗ ಒಬ್ಬಳಿಗಿರದ ಧೈರ್ಯ ಎಲ್ಲರಿಗೂ ಬಂದಿರಬೇಕು. ಸಮುದಾಯ ಕಾರ್ಯಕ್ರಮದಿಂದ ಆಗಬೇಕಾದ ದೊಡ್ಡ ಉಪಕಾರ ಇದೇ ಎಂದು ನಾನು ತಿಳಿದಿದ್ದೇನೆ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು 2006–07ರಲ್ಲಿ ಶುರುವಾದ, ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ. ಸೈಕಲ್‌ಗಳ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ನಿಜ. ಆದರೆ ಸಂಜೆ ಶಾಲೆ ಬಿಟ್ಟಾಗ ಹೆಣ್ಣುಮಕ್ಕಳ ಸಾಲು ಸಾಲು ಸೈಕಲ್‌ಗಳು ಹಳ್ಳಿಯ ದಾರಿ ಹಿಡಿಯುವುದನ್ನು ಈ ನಾಡು ಕಂಡಿತು. ಕೋವಿಡ್ ಕಾಲದಲ್ಲಿ ನಿಂತ ಯೋಜನೆ ಆಮೇಲೆ ವರ್ಷಗಟ್ಟಲೆ ಮರಳಲಿಲ್ಲ. ಬಿಹಾರದಲ್ಲೂ 2006ರಲ್ಲೇ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್‌ಗೆಂದು ಹಣ ಕೊಡತೊಡಗಿದರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ ನೋಡಿದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದು ಭಾಗದಷ್ಟು ಏರಿತ್ತು. ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಪರಿಣಾಮ ಹೆಚ್ಚು. ಇಷ್ಟು ತಿಳಿದಮೇಲೂ ಆ ಸೈಕಲ್ಲನ್ನು ಬಜೆಟ್ಟಿನ ಹೊರೆ ಎನ್ನುವುದು ಸರಿಯಲ್ಲ.

ನಗರಕ್ಕೂ ಲೆಕ್ಕ ಇದೇ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಸುಮಾರು 450 ಸೈಕಲ್‌ಗಳೊಂದಿಗೆ ಹೊರಟ ‘ಟ್ರಿಣ್ ಟ್ರಿಣ್’ ಸರಿಯಾದ ದಿಕ್ಕಿನಲ್ಲೇ ಯೋಚಿಸಿತ್ತು: ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದುಕೊಂಡು, ಕೆಲಸವಿದ್ದ ಕಡೆಯ ನಿಲ್ದಾಣದಲ್ಲಿ ಬಿಡುವುದು.

ಇನ್ನು ದಾರಿಯ ಮಾತು. ನಡೆಯಿರಿ, ತುಳಿಯಿರಿ ಎಂದು ಜನರಿಗೆ ಹೇಳುವವರು ಅವರ ಜೀವಕ್ಕೂ ಹೊಣೆಯಾಗಬೇಕು. ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ನಮ್ಮ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ನಿಲ್ಲಿಸಿದ ಬೈಕ್ ಇದೆ, ಕಿತ್ತ ಚಪ್ಪಡಿ ಇದೆ. ಮುಪ್ಪಿನವರು ಹಾಲಿಗೆ ಹೋಗಬೇಕಾದರೆ ರಸ್ತೆಗೇ ಇಳಿಯಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ಪಾದಚಾರಿಗಳ ಮತ್ತು ಮೋಟಾರಿಲ್ಲದ ವಾಹನಗಳ ಸುರಕ್ಷತೆಗೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಆ ನಿಯಮಗಳನ್ನು ಆರು ತಿಂಗಳಲ್ಲಿ ಮಾಡಿ ಎಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಗಿ ಬಂತು.

ಜಾಥಾ ನಡೆಸುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ಊರಿನ ದೊಡ್ಡ ರಸ್ತೆ ಬಿಟ್ಟು, ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೇ ಸೈಕಲ್ ಬಿಡಿ. ಎಲ್ಲಿ ಇಳಿಯಬೇಕಾಯಿತು, ಎಲ್ಲಿ ಲಾರಿಗೆ ಹೆದರಿ ನಿಲ್ಲಬೇಕಾಯಿತು ಎಂದು ಬರೆದುಕೊಂಡು, ಆ ಪಟ್ಟಿಯನ್ನು ಗ್ರಾಮಸಭೆಗೋ ವಾರ್ಡ್ ಸಮಿತಿಗೋ ಕೊಟ್ಟು ಉತ್ತರ ಕೇಳಿ. ಸ್ವಸಹಾಯ ಸಂಘಗಳು ಮನಸ್ಸು ಮಾಡಿದರೆ ಶಾಲಾ ಮೈದಾನದಲ್ಲಿ ತಾಯಂದಿರಿಗೆ ಸಂಜೆ ಸೈಕಲ್ ಕಲಿಸಬಹುದು, ಪಂಕ್ಚರ್ ಹಾಕುವುದನ್ನೂ ಹೇಳಿಕೊಡಬಹುದು. ಸರ್ಕಾರವು ಎಂಟನೇ ತರಗತಿಯ ಪ್ರತಿ ಮಗುವಿಗೂ ಗಟ್ಟಿಮುಟ್ಟಾದ ಸೈಕಲ್ಲನ್ನು ಶಾಲೆ ತೆರೆಯುವ ತಿಂಗಳಲ್ಲೇ ಕೊಡಲಿ.