ಮುರಕಲ್ಲಿನ ಕೆಂಪು, ನೆತ್ತರಿನ ಕೆಂಪು

1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತಲೆಯೆತ್ತಿದ ಮಣಿಪಾಲದ ಗುಡ್ಡದಲ್ಲಿ ಎಲ್ಲಿ ಅಗೆದರೂ ಮುರಕಲ್ಲು. ಕಾಪು, ಉಡುಪಿಗಳ ಹಳೆಯ ಮನೆಗೋಡೆಗಳಲ್ಲಿಯೂ ಅದೇ ಕೆಂಪು. ಕಲ್ಲಿನೊಳಗಿನ ಕಬ್ಬಿಣವು ಎಂದೋ ಆಮ್ಲಜನಕದೊಡನೆ ಕೂಡಿ ತುಕ್ಕಾದುದರಿಂದ ಬಂದ ಬಣ್ಣವದು.

ನಮ್ಮ ನೆತ್ತರಿನ ಕೆಂಪಿಗೂ ಕಬ್ಬಿಣವೇ ಮೂಲ. ಆದರೆ ಒಂದು ಭೇದ ಉಂಟು. ಮುರಕಲ್ಲಿನ ಕಬ್ಬಿಣ ಹಿಡಿದ ಆಮ್ಲಜನಕವನ್ನು ಬಿಡಲೊಲ್ಲದು. ನೆತ್ತರಿನ ಕಬ್ಬಿಣವಾದರೋ ಶ್ವಾಸಕೋಶದಲ್ಲಿ ಅದನ್ನು ಹಿಡಿದು, ಬೇಕಾದಲ್ಲಿ ಬಿಟ್ಟುಕೊಡುತ್ತದೆ. ಹಿಮೋಗ್ಲೋಬಿನ್ ಎಂಬ ಪ್ರೋಟೀನು ಕಬ್ಬಿಣವನ್ನು ತನ್ನ ಮಡಿಕೆಯೊಳಗಿಟ್ಟು ತುಕ್ಕಾಗದಂತೆ ಕಾಯುತ್ತದೆ. ಒಂದು ಅಣುವಿನಲ್ಲಿ ಕಬ್ಬಿಣದ ನಾಲ್ಕು ಪರಮಾಣುಗಳು. ಒಂದು ಕೆಂಪುಕಣದಲ್ಲಿ ಸುಮಾರು 27 ಕೋಟಿ ಅಂಥ ಅಣುಗಳು! ಕಾರ್ಕಳದ ಗೊಮ್ಮಟನ ಬೆಟ್ಟವನ್ನೇರುವವರ ತೊಡೆಯ ಸ್ನಾಯುಗಳಲ್ಲಿ ಆಮ್ಲಜನಕ ತಗ್ಗಿ, ಬಿಸಿಯೂ ಹುಳಿಯೂ ಏರಿರುತ್ತವೆ. ಅಲ್ಲಿ ಹಿಮೋಗ್ಲೋಬಿನ್ ಹಿಡಿತವನ್ನು ಸಡಿಲಿಸಿ ಹೊರೆಯಿಳಿಸುತ್ತದೆ.

ಈ ಕಣಗಳು ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ. ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳು! ನೆತ್ತರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಎಂಬ ದ್ರವ್ಯವನ್ನು ಕಳುಹಿಸಿ ಮಜ್ಜೆಯನ್ನು ಅವಸರಪಡಿಸುತ್ತವೆ. ಕಣವು ಹೊರಡುವ ಮೊದಲು ತನ್ನ ನಡುವಿನ ಜೀವಕೇಂದ್ರವನ್ನೇ ಹೊರದೂಡಿ, ಹೊರೆಗೆ ಜಾಗ ಮಾಡಿಕೊಳ್ಳುತ್ತದೆ. ಆ ತ್ಯಾಗದ ಫಲವಾಗಿ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು. ಆಯುಸ್ಸು ಸುಮಾರು 120 ದಿನ. ಆಮೇಲೆ ಗುಲ್ಮ, ಯಕೃತ್ತುಗಳಲ್ಲಿ ಅದು ಕರಗಿದರೂ ಕಬ್ಬಿಣ ಮಾತ್ರ ಮಜ್ಜೆಗೆ ಮರಳುತ್ತದೆ. ನಮ್ಮ ಅಜ್ಜಿಯರು ಒಡೆದ ತಾಮ್ರದ ಹಂಡೆಯನ್ನು ಎಂದಾದರೂ ಎಸೆದದ್ದುಂಟೆ? ಮಜ್ಜೆಗೆ ದಿನಕ್ಕೆ ಬೇಕಾದ 20-25 ಮಿಲಿಗ್ರಾಂ ಕಬ್ಬಿಣದಲ್ಲಿ ಊಟದಿಂದ ಒಳಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದುದೆಲ್ಲ ಹಳೆಯ ಗಂಟು.

ಆ ಗಂಟು ಸೋರತೊಡಗಿದರೆ? ಹೆಂಗಸರಿಗೆ ಮುಟ್ಟು, ಹೆರಿಗೆಗಳ ಸೋರಿಕೆ ಹೇಗೂ ಇದ್ದದ್ದೇ. ಅದರ ಮೇಲೆ ಕೊಕ್ಕೆಹುಳು. ಮಲ ಸೇರಿದ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದವರ ಅಂಗಾಲಿನ ಚರ್ಮವನ್ನು ಕೊರೆದು ಅದರ ಮರಿ ಒಳನುಗ್ಗಿ, ಕೊನೆಗೆ ಸಣ್ಣ ಕರುಳಿನಲ್ಲಿ ಕಚ್ಚಿಕೊಳ್ಳುತ್ತದೆ. ಎರಡು ಮುಖ್ಯ ಜಾತಿಗಳಲ್ಲಿ ದೊಡ್ಡದು ದಿನಕ್ಕೆ 0.2 ಮಿಲಿಲೀಟರಿನಷ್ಟು ರಕ್ತ ಕಳೆಯಬಲ್ಲದು. ನೂರು ಹುಳುಗಳಿದ್ದರೆ 20 ಮಿಲಿಲೀಟರು, ಎಂದರೆ ಸುಮಾರು 10 ಮಿಲಿಗ್ರಾಂ ಕಬ್ಬಿಣ. ಅದರಲ್ಲಿ ಒಂದು ಪಾಲನ್ನು ಕರುಳು ಮರಳಿ ಹೀರಿಕೊಂಡರೂ ಒಂದೆರಡು ಮಿಲಿಗ್ರಾಂ ವರಮಾನದ ಶರೀರ ಈ ಖರ್ಚನ್ನು ಎಷ್ಟು ದಿನ ತಾಳೀತು?

ಇಂಥ ಹೆಂಗಸು ನಾಲ್ಕು ಹೆಜ್ಜೆಗೆ ಏದುತ್ತಾಳೆ. ನೇಜಿ ನೆಡುವ ಸಾಲಿನಲ್ಲಿ ಹಿಂದೆ ಬೀಳುತ್ತಾಳೆ. ಮನೆಯವರು ಅವಳನ್ನು ಸೋಮಾರಿ ಎನ್ನುತ್ತಾರೆ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಇಷ್ಟೂ ಜನ ಸೋಮಾರಿಗಳೆ?

ಹಿಮೋಗ್ಲೋಬಿನ್ 100 ಮಿಲಿಲೀಟರು ರಕ್ತದಲ್ಲಿ 12 ಗ್ರಾಂಗಿಂತ, ಬಸುರಿಯರಲ್ಲಿ ಸಾಮಾನ್ಯವಾಗಿ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಕಾರಣ ಕಬ್ಬಿಣದ ಕೊರತೆಯೇ ಎಂದು ವೈದ್ಯರು ಕಂಡುಕೊಂಡರೆ ಕಬ್ಬಿಣದ ಮಾತ್ರೆ, ಹುಳುವಿದ್ದರೆ ಅದಕ್ಕೂ ಮದ್ದು. ಮಾತ್ರೆಯೊಡನೆ ಚಹಾ, ಕಾಫಿ ಕುಡಿದರೆ ಕಬ್ಬಿಣ ಸರಿಯಾಗಿ ಒಳಸೇರದು. ಲಿಂಬೆಯ ಪಾನಕವಾದರೆ ಒಳ್ಳೆಯದು. ಮಲ ಕಪ್ಪಾಯಿತೆಂದು ಹೆದರಿ ಅನೇಕರು ನಡುವೆಯೇ ಬಿಟ್ಟುಬಿಡುತ್ತಾರೆ. ಅದು ಮಾತ್ರೆಯ ಬಣ್ಣವಷ್ಟೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ವೈದ್ಯರು ಮೂರು ತಿಂಗಳ ಮಾತ್ರೆ ಬರೆದುಕೊಡುವುದುಂಟು. ಅದು ಬರಿದಾದ ಗಂಟನ್ನು ತುಂಬಿಸಲಿಕ್ಕೆ.