ಹ್ಯಾಮ್ಲೆಟ್ಟನ ಇಬ್ಬರು ಗೆಳೆಯರು

ಷೇಕ್ಸ್‌ಪಿಯರ್ ಮಹಾಕವಿಯ ‘ಹ್ಯಾಮ್ಲೆಟ್’ ನಾಟಕವನ್ನು ಕಂಡವರಲ್ಲಿ ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಎಂಬ ಇಬ್ಬರನ್ನು ನೆನಪಿನಲ್ಲಿಟ್ಟುಕೊಂಡವರು ವಿರಳ. ರಾಜಕುಮಾರನ ಬಾಲ್ಯಸ್ನೇಹಿತರಾದ ಇವರನ್ನು ದೊರೆ ಕ್ಲಾಡಿಯಸ್ ಅರಮನೆಗೆ ಕರೆಸುವುದು ಬೇಹುಗಾರಿಕೆಗಾಗಿ. ಆತ ಒಂದು ಕ್ರಮದಲ್ಲಿ ಇವರ ಹೆಸರು ಹಿಡಿದು ವಂದಿಸಿದರೆ, ರಾಣಿ ಮರುಕ್ಷಣವೇ ಅದನ್ನು ತಿರುವುಮುರುವಾಗಿಸಿ ವಂದಿಸುತ್ತಾಳೆ. ದೊರೆಗೆ ಯಾರು ಯಾರೆಂಬುದೇ ತಿಳಿಯಲಿಲ್ಲವೇನೋ ಎಂಬಂತೆ ಈ ಮಾತನ್ನು ಆಡಿ ನಗಿಸುವ ನಟಿಯರುಂಟು. ಹೆಸರುಗಳೇನೋ ಕವಿಕಲ್ಪನೆಯವಲ್ಲ, ಎರಡೂ ಡೆನ್ಮಾರ್ಕಿನ ಪ್ರಾಚೀನ ಸರದಾರ ಮನೆತನಗಳವು.

ಕಡೆಗೆ ಹ್ಯಾಮ್ಲೆಟ್ ಹಡಗಿನಲ್ಲಿ ದೊರೆಯ ಪತ್ರವನ್ನು ಬದಲಿಸಿ, ತನಗೆ ಗೊತ್ತುಮಾಡಿದ್ದ ಮರಣವನ್ನು ಇವರ ತಲೆಗೆ ಕಟ್ಟುತ್ತಾನೆ. ಪತ್ರದಲ್ಲಿ ಏನಿತ್ತೆಂಬುದು ಇವರಿಗೆ ತಿಳಿದಿತ್ತೆ? ಕವಿ ಹೇಳುವುದಿಲ್ಲ. ಕೊನೆಯ ದೃಶ್ಯದಲ್ಲಿ ಇಂಗ್ಲೆಂಡಿನ ರಾಯಭಾರಿ ಬಂದು ಇವರು ಸತ್ತರೆಂದು ಅರುಹುವ ವೇಳೆಗೆ, ಕೇಳಬೇಕಾದ ದೊರೆಯೇ ಹೆಣವಾಗಿರುತ್ತಾನೆ.

ಈ ಬಡಪಾಯಿಗಳ ಕಡೆಗೆ ಮೊದಲು ಕಣ್ಣು ಹಾಯಿಸಿದವರಲ್ಲಿ ವಿನೋದಗಾರ ಡಬ್ಲ್ಯು. ಎಸ್. ಗಿಲ್ಬರ್ಟ್ ಒಬ್ಬರು. 1874ರಲ್ಲಿ ಅಚ್ಚಾದ ಅವರ ಪ್ರಹಸನದಲ್ಲಿ ಕ್ಲಾಡಿಯಸ್ ಯೌವನದಲ್ಲೊಂದು ದುರಂತ ನಾಟಕ ಬರೆದು ನಗೆಪಾಟಲಾದವನು. ಒಫೀಲಿಯಾ ರೋಸೆನ್‌ಕ್ರಾಂಟ್ಸನ ಕೈ ಹಿಡಿಯುತ್ತಾಳೆ!

ಆದರೆ ಇವರಿಗೆ ನಿಜವಾಗಿ ಜೀವ ಬಂದದ್ದು ಟಾಮ್ ಸ್ಟಾಪರ್ಡ್ ಅವರ ಲೇಖನಿಯಿಂದ. 1964ರಲ್ಲಿ ಬರ್ಲಿನ್ನಿನಲ್ಲಿದ್ದಾಗ ಅವರು ಬರೆದದ್ದು, ಇವರಿಬ್ಬರೂ ಇಂಗ್ಲೆಂಡಿಗೆ ಹೋಗಿ ಲಿಯರ್ ರಾಜನನ್ನು ಕಾಣುವ ಏಕಾಂಕ ಪ್ರಹಸನ. ಅದು ಬೆಳೆದು, ರಾಯಭಾರಿಯ ಮಾತನ್ನೇ ಶೀರ್ಷಿಕೆಯಾಗಿಟ್ಟುಕೊಂಡ ಪೂರ್ಣ ನಾಟಕವಾಯಿತು. ಇಲ್ಲಿ ರಾಜಕುಮಾರ ಆಗೀಗ ಹಾದುಹೋಗುವವನು. ಗೆಳೆಯರಿಬ್ಬರೂ ನಾಣ್ಯ ಚಿಮ್ಮುತ್ತ ಕುಳಿತಿರುತ್ತಾರೆ. ಪ್ರತಿ ಸಲವೂ ಬೀಳುವುದು ಒಂದೇ ಮುಖ. ತಮ್ಮ ಹೆಸರು ಯಾವುದೆಂಬುದು ಅವರಿಗೇ ಮರೆಯುತ್ತದೆ. 1966ರ ಆಗಸ್ಟ್‌ನಲ್ಲಿ ಎಡಿನ್‌ಬರೋ ಉತ್ಸವದ ವೇಳೆ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ಇದನ್ನು ಆಡಿದರು. ‘ಅಬ್ಸರ್ವರ್’ ಪತ್ರಿಕೆಯ ವಿಮರ್ಶಕ ರೊನಾಲ್ಡ್ ಬ್ರೈಡನ್ನರ ಹೊಗಳಿಕೆಯನ್ನು ಓದಿದ ಕೆನೆತ್ ಟೈನನ್ ಹಸ್ತಪ್ರತಿಯನ್ನು ತರಿಸಿಕೊಂಡರು. 1967ರ ಏಪ್ರಿಲಿನಲ್ಲಿ ನ್ಯಾಷನಲ್ ಥಿಯೇಟರ್ ಅದನ್ನು ಲಂಡನ್ನಿನ ಓಲ್ಡ್ ವಿಕ್ ರಂಗಕ್ಕೇರಿಸಿತು.

ಆಂಗ್ಲ ನಾಟಕಕಾರರೆಂದು ಹೆಸರಾದ ಸ್ಟಾಪರ್ಡ್ ಹುಟ್ಟಿನಿಂದ ಆಂಗ್ಲರಲ್ಲ. 1937ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಹುಟ್ಟಿದಾಗಿನ ಹೆಸರು ತೊಮಾಷ್ ಸ್ಟ್ರಾಯ್ಸ್‌ಲರ್. ಬಾಟಾ ಪಾದರಕ್ಷೆ ಕಂಪನಿಯ ವೈದ್ಯರಾಗಿದ್ದ ತಂದೆ 1942ರಲ್ಲಿ ಸಿಂಗಪುರದ ಪತನಕಾಲದಲ್ಲಿ ಮಡಿದರು. ತಾಯಿ ಮಕ್ಕಳೊಡನೆ ಭಾರತಕ್ಕೆ ಬಂದು, ಡಾರ್ಜಿಲಿಂಗಿನಲ್ಲಿ ಬಾಟಾ ಅಂಗಡಿಯೊಂದನ್ನು ನಡೆಸಿದರು. ಸ್ಟಾಪರ್ಡ್ ಎಂಬುದು ಬಳಿಕ ಆಕೆಯನ್ನು ವರಿಸಿದ ಆಂಗ್ಲ ಸೇನಾಧಿಕಾರಿಯ ಹೆಸರು. ತನ್ನ ಅಜ್ಜ ಅಜ್ಜಿಯರು ನಾಲ್ವರೂ ಯೆಹೂದಿಗಳಾಗಿದ್ದು, ನಾಜಿಗಳ ಕೈಯಲ್ಲಿ ಹತರಾದರೆಂಬ ಸಂಗತಿ ಅವರಿಗೆ ತಿಳಿದದ್ದು 1990ರ ದಶಕದಲ್ಲಿ. ತಮ್ಮ ಹೆಸರು ಮರೆತ ಇಬ್ಬರ ನಾಟಕ ರಂಗಕ್ಕೇರಿ ಆಗಲೇ ಕಾಲು ಶತಮಾನ ಸಂದಿತ್ತು.