ಮಹಡಿಯ ಮೇಲಿನ ನಲ್ಲಿ, ನಮ್ಮ ಹೊಲದ ಕೊಳವೆಬಾವಿ



ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಇಬ್ಬರು ರೈತರು ಗುರುನಿವಾಸಕ್ಕೆ ಬಂದು ಕುಳಿತರು. ಬೆಂಗಳೂರಿನ ಕಡೆಯ ಟ್ಯಾಂಕರಿನವನೊಬ್ಬ ಅವರ ಕೊಳವೆಬಾವಿಯ ನೀರನ್ನು ಬೇಸಿಗೆ ಪೂರ್ತಿ ಕೊಂಡುಕೊಳ್ಳುತ್ತೇನೆ ಎಂದು ಮುಂಗಡವನ್ನೂ ತೋರಿಸಿದ್ದಾನೆ. "ಮಾರಬಹುದಾ ಸ್ವಾಮಿ? ಕುಡಿಯೋಕೆ ತಾನೇ ಕೇಳ್ತಾರೆ, ಬ್ಯಾಡ ಅಂದ್ರೆ ಪಾಪ ಅಲ್ವಾ?" ಎಂದು ಅವರ ಪ್ರಶ್ನೆ. ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಈ ಅಂಕಣದಲ್ಲಿ ಕೊಡಲು ಯತ್ನಿಸುತ್ತೇವೆ. ಅದಕ್ಕೆ ಮೊದಲು ಆ ನೀರು ಹೋಗಿ ಸೇರುವ ಮನೆಯನ್ನು ನೀವು ಒಮ್ಮೆ ನೋಡಬೇಕು.

ನಾವು ನೋಡಿದ್ದು 2024ರ ಮಾರ್ಚ್ ತಿಂಗಳಲ್ಲಿ, ತಪಸ್ಸುಕಾಲದಲ್ಲಿ. ನಮ್ಮದೇ ಊರಿನ ಹುಡುಗ, ಈಗ ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ ಹೊಸದಾಗಿ ಎದ್ದಿರುವ ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಮನೆ ಕೊಂಡಿದ್ದಾನೆ. ತಂದೆ ತೀರಿದ ಮೇಲೆ ತಾಯಿಯನ್ನೂ ಅಲ್ಲಿಗೇ ಕರೆದುಕೊಂಡು ಹೋಗಿದ್ದ. ಆಕೆಗೆ ಕಾಲುನೋವು, ದೇವಾಲಯಕ್ಕೆ ಬರಲಾಗದು. ಸತ್ಪ್ರಸಾದ ಕೊಟ್ಟು ಬರೋಣವೆಂದು ನಾವು ಹೋದೆವು. ಬಾಗಿಲಲ್ಲಿ ಕಾವಲುಗಾರ, ನೆಲಕ್ಕೆ ನುಣುಪು ಕಲ್ಲು, ಮುಂದೆ ಈಜುಕೊಳ. ಆ ಕೊಳದಲ್ಲಿ ಹನಿ ನೀರಿಲ್ಲ, ತಳದಲ್ಲಿ ಒಣ ಎಲೆ ಬಿದ್ದಿತ್ತು. ಲಿಫ್ಟಿನ ಒಳಗೆ ಒಂದು ಕಾಗದ ಅಂಟಿಸಿದ್ದರು: ನೀರು ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9. ಕಾರು ತೊಳೆಯಬಾರದು, ಬಾಲ್ಕನಿಗೆ ನೀರು ಸುರಿಯಬಾರದು, ತಪ್ಪಿದರೆ ದಂಡ.

ಹನ್ನೊಂದನೇ ಮಹಡಿಯ ಆ ಮನೆಯಲ್ಲಿ ಮೂರು ಸ್ನಾನಗೃಹ. ಮೂರರಲ್ಲೂ ಸಾಲಾಗಿ ಬಕೆಟ್ಟು, ಡ್ರಮ್ಮು, ಊರಿನಿಂದ ತಂದ ಹಿತ್ತಾಳೆ ಹಂಡೆ ಕೂಡ. ತಾಯಿ ನಮ್ಮನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿ ತೋರಿಸಿದರು. ಬುಸ್ ಎಂದು ಗಾಳಿ ಬಂತು. "ನೋಡಿ ಸ್ವಾಮಿ, ಈ ಮನೇಲಿ ಎಲ್ಲಾನೂ ಐತೆ. ನೀರು ಇಲ್ಲ ಅಂದ್ರೆ ಕೇಳೋಕೆ ಪಕ್ಕದ ಮನೆ ಬಾವಿ ಒಂದಿಲ್ಲ. ಪಕ್ಕದ ಮನೆಯೋರಿಗೂ ಇದೇ ನಲ್ಲಿ" ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ನಮ್ಮ ಹಳ್ಳಿಯಲ್ಲಿ ಒಬ್ಬರ ಬಾವಿ ಬತ್ತಿದರೆ ಇನ್ನೊಬ್ಬರದು ಇರುತ್ತದೆ, ಕೆರೆ ಇರುತ್ತದೆ, ತೋಟದ ತೊಟ್ಟಿ ಇರುತ್ತದೆ. ಅಲ್ಲಿ ನೂರು ಚಿಲ್ಲರೆ ಮನೆಗಳಿಗೆ ನೆಲದಡಿಯ ಒಂದೇ ಸಂಪು. ಅದು ಖಾಲಿಯಾದರೆ ನೆಲಮಹಡಿಯವನಿಗೂ ಇಲ್ಲ, ಹದಿನಾಲ್ಕನೆಯವನಿಗೂ ಇಲ್ಲ.

ಆ ವರ್ಷ ಹಾಗಾಗಲು ಕಾರಣ ನಿಮಗೆ ಗೊತ್ತಿರುವುದೇ. 2023ರ ಮುಂಗಾರು ಕೈಕೊಟ್ಟಿತು. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಮರುವರ್ಷ ಮಾರ್ಚ್ ಹೊತ್ತಿಗೆ ಬೆಂಗಳೂರಿಗೆ ದಿನಕ್ಕೆ 50 ಕೋಟಿ ಲೀಟರ್ ಕೊರತೆಯೆಂದೂ, ಸರ್ಕಾರಿ ಕೊಳವೆಬಾವಿಗಳು ಸುಮಾರು 14,000 ಇದ್ದರೆ ಅವುಗಳಲ್ಲಿ 6,900 ಬತ್ತಿವೆಯೆಂದೂ ಮುಖ್ಯಮಂತ್ರಿಗಳು ಹೇಳಿದರು. ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದು, ತೋಟಕ್ಕೆ ಬಿಡುವುದು, ಕಟ್ಟಡ ಕಟ್ಟುವುದು, ಕಾರಂಜಿ ನಡೆಸುವುದು ಇವನ್ನೆಲ್ಲ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಆ ನಗರಕ್ಕೆ ತರುತ್ತಾರೆ. ಅಷ್ಟಾದರೂ 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳ ಭಾಗಕ್ಕೆ ಆಗ ಕಾವೇರಿ ಸರಿಯಾಗಿ ಮುಟ್ಟಿರಲಿಲ್ಲ. ಅವಕ್ಕೆಂದೇ ಮಾಡಿದ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಮ್ಮ ಹುಡುಗನ ಕಟ್ಟಡ ಇದ್ದದ್ದು ಆ ಹಳ್ಳಿಗಳ ನೆಲದಲ್ಲೇ. ಅಂದರೆ ಕೋಟಿ ರೂಪಾಯಿಯ ಮನೆಗೆ ನೀರಿನ ಮೂಲವೆಂದರೆ ಬತ್ತುತ್ತಿದ್ದ ಎರಡು ಕೊಳವೆಬಾವಿ ಮತ್ತು ಟ್ಯಾಂಕರು.

ಒಂದು ಲೆಕ್ಕ ಹೇಳುತ್ತೇವೆ, ಮಕ್ಕಳ ಕೈಯಲ್ಲಿ ಮಾಡಿಸಿ ನೋಡಿ. ಆ ಕಟ್ಟಡದಲ್ಲಿ ಒಂದು ಮಹಡಿಗೆ ಎಂಟರಂತೆ 112 ಮನೆ. ಮನೆಗೆ ನಾಲ್ವರೆಂದರೆ 448 ಜನ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಅಳತೆ ಹಿಡಿದರೆ ದಿನಕ್ಕೆ ಅರುವತ್ತು ಸಾವಿರ ಲೀಟರ್, ಅಂದರೆ 12,000 ಲೀಟರಿನ ಐದು ಟ್ಯಾಂಕರ್. ಈಗ ಮಳೆಯ ಕಡೆ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಕಟ್ಟಡದ ತಾರಸಿ ಸಾವಿರ ಚದರ ಮೀಟರ್, ವರ್ಷದ ಮಳೆ 800 ಮಿಲಿಮೀಟರ್ ಎಂದಿಟ್ಟುಕೊಂಡರೆ ಎಂಟು ಲಕ್ಷ ಲೀಟರ್. ಒಂದು ಹನಿಯೂ ಬಿಡದೆ ಹಿಡಿದರೂ ಅದು ಅವರಿಗೆ ಹದಿಮೂರು ದಿನಕ್ಕೆ ಮುಗಿಯುತ್ತದೆ. ಇನ್ನು ನಮ್ಮ ಹಳ್ಳಿಯ ಮನೆ: ನೂರು ಚದರ ಮೀಟರ್ ಸೂರು, ಅದೇ ಮಳೆ, ಎಂಬತ್ತು ಸಾವಿರ ಲೀಟರ್. ಐದು ಜನರ ಸಂಸಾರಕ್ಕೆ ತಲೆಗೆ 55 ಲೀಟರಿನಂತೆ 290 ದಿನ ಬರುತ್ತದೆ! ಒಂದಷ್ಟು ಆವಿಯಾಗಿ, ಮೊದಲ ಮಳೆಯಲ್ಲಿ ಸೂರು ತೊಳೆದು ಹೋದರೂ ಎಂಟು ತಿಂಗಳಿಗೆ ಮೋಸವಿಲ್ಲ. ಮನೆಯ ಮೇಲೆ ಮನೆ ಪೇರಿಸಿದರೆ ಜನ ಹದಿನಾಲ್ಕು ಪಟ್ಟು ಆಗುತ್ತಾರೆ, ಆಕಾಶ ಮಾತ್ರ ಒಂದೇ ಪಾಲು. ಹೀಗಾಗಿ ಅಂಥ ಕಟ್ಟಡ ಎಂದೆಂದಿಗೂ ಹೊರಗಿನ ನೀರನ್ನೇ ಕುಡಿಯಬೇಕು. ನದಿಯದ್ದು, ಇಲ್ಲವೇ ಯಾರೋ ರೈತನದ್ದು.

ಆದರೆ ಪೇಟೆಯವರನ್ನು ಬೈದು ಮುಗಿಸಲು ನಾವು ಈ ಲೇಖನ ಬರೆಯುತ್ತಿಲ್ಲ. ಅಲ್ಲಿ ಒಂದು ಸಂಗತಿ ನಮ್ಮನ್ನು ನಾಚಿಸಿತು. ನಿವಾಸಿಗಳ ಸಂಘದ ಕಾರ್ಯದರ್ಶಿ ಒಂದು ರಿಜಿಸ್ಟರ್ ಬಿಚ್ಚಿ ತೋರಿಸಿದರು. ಎಷ್ಟು ಟ್ಯಾಂಕರ್ ಬಂತು, ಯಾವ ಮನೆಯ ಮೀಟರು ಎಷ್ಟು ಓಡಿತು, ಎಲ್ಲ ದಿನವಹಿ ಬರೆದಿತ್ತು. ನಲ್ಲಿಯ ಮೂತಿಗೆ ಗಾಳಿ ಬೆರೆಸುವ ಪುಟ್ಟ ಬಿಲ್ಲೆ ಹಾಕಿಸಿದ್ದರು. ಕುಡಿಯುವ ನೀರು ಸೋಸುವ ಯಂತ್ರದಿಂದ ಹೊರಬೀಳುವ ನೀರನ್ನು ನೆಲ ಒರೆಸಲು ಹಿಡಿಯುತ್ತಿದ್ದರು. ಶೌಚಾಲಯಕ್ಕೆ ಬೇರೆ ಕೊಳವೆ, ಅದರಲ್ಲಿ ಶುದ್ಧೀಕರಿಸಿದ ಕೊಳಚೆ ನೀರು. ಮೂರು ವಾರದಲ್ಲಿ ದಿನಕ್ಕೆ ಐದು ಟ್ಯಾಂಕರ್ ಇದ್ದದ್ದು ಮೂರಕ್ಕೆ ಇಳಿಯಿತಂತೆ. ಜಗಳವೂ ಆಗಿದೆ, ಮೀಟರ್ ಬೇಡವೆಂದು ಕೂಗಾಡಿದವರೂ ಇದ್ದಾರೆ. ಒಂದು ಮಾತು ಮಾತ್ರ ನಮಗೆ ಹಿಡಿಸಲಿಲ್ಲ: ಮನೆಗೆಲಸಕ್ಕೆ ಬರುವ ಹೆಂಗಸರು ಕೆಳಗಿನ ಶೌಚಾಲಯ ಬಳಸಬಾರದೆಂದು ಬೀಗ ಹಾಕಿದ್ದರು. ಉಳಿತಾಯ ಶುರುವಾದದ್ದು ಬಡವರಿಂದ. ಇದನ್ನು ನಾವು ಅಲ್ಲಿಯೇ ಹೇಳಿದೆವು. ಹುಡುಗ ತಲೆ ತಗ್ಗಿಸಿದ.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲಿ ಯಾರ ಕೊಳವೆಬಾವಿಗೆ ಮೀಟರಿದೆ? ಯಾರ ಮನೆಯಲ್ಲಿ ರಿಜಿಸ್ಟರಿದೆ? ತಮಿಳುನಾಡು ಸರ್ಕಾರ ಬೇಸಾಯಕ್ಕೆಂದು ಕರೆಂಟು ಪುಕ್ಕಟೆ ಕೊಡುತ್ತದೆ. ಕರೆಂಟು ಬಂದಾಗ ಮೋಟರು ಓಡುತ್ತದೆ, ಹೋದಾಗ ನಿಲ್ಲುತ್ತದೆ. ಗುಲಾಬಿಯ ಪಾಲಿಹೌಸಿನವರು ಹನಿ ನೀರಾವರಿ ಮಾಡಿದ್ದಾರೆ, ಸಂತೋಷ. ಎಲೆಕೋಸು, ಟೊಮೇಟೊಗೆ ಇನ್ನೂ ಕಾಲುವೆಯಲ್ಲಿ ಹಾಯಿಸುವವರು ಬೇಕಾದಷ್ಟಿದ್ದೇವೆ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗೂ ಹೆಚ್ಚು ಬೇಕು, ಅದು ಎಂಟೂವರೆ ಟ್ಯಾಂಕರ್. ಐದು ಟ್ಯಾಂಕರಿನ ಲೆಕ್ಕದಲ್ಲಿ ಆ ಕಟ್ಟಡ ಒಂದು ತಿಂಗಳು ಕುಡಿಯುವ ನೀರು ಹದಿನೇಳು ಹದಿನೆಂಟು ಎಕರೆಯನ್ನು ಒಮ್ಮೆ ಅಂಗುಲ ತೋಯಿಸುತ್ತದೆ. ಎರಡೂ ದೊಡ್ಡ ಲೆಕ್ಕಗಳೇ. ಅವರು ಅಳೆಯುತ್ತಾರೆ, ನಾವು ಅಳೆಯುವುದಿಲ್ಲ. ಅಳೆಯದವನು ಮಾರಲು ಹೊರಟರೆ ತನ್ನದೆಷ್ಟು, ಪಕ್ಕದವನದೆಷ್ಟು ಎಂಬುದೇ ತಿಳಿಯದು. ನೆಲದಡಿಯ ಬಂಡೆಯ ಬಿರುಕಿಗೆ ಸರ್ವೇ ಕಲ್ಲು ಹಾಕಿದವರಿಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತುಮಾಡಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಲೀಟರಿಗೆ ಎಂಟು ಪೈಸೆ ಚಿಲ್ಲರೆ. ಅದರಲ್ಲಿ ಲಾರಿ, ಡೀಸೆಲ್, ದಲ್ಲಾಳಿ ಎಲ್ಲ ಕಳೆದು ಬಾವಿಯವನ ಕೈಗೆ ಬಂದದ್ದೆಷ್ಟು ಎಂಬುದನ್ನು ಮಾರಿದವರೇ ಹೇಳಬೇಕು. ಅದೇ ಬೇಸಿಗೆ ನಮ್ಮ ಧರ್ಮಕೇಂದ್ರದಲ್ಲಿ ಒಬ್ಬರು ಎರಡು ತಿಂಗಳು ನೀರು ಮಾರಿದರು. ಅವರ ಪಕ್ಕದ ಹೊಲದ ವಿಧವೆಯ ಬಾವಿ ಏಪ್ರಿಲಿನಲ್ಲಿ ನಿಂತಿತು. ಇದರಿಂದಲೇ ಅದು ಎಂದು ನಾವು ತೀರ್ಪು ಕೊಡುವುದಿಲ್ಲ, ಬರಗಾಲವೂ ಇತ್ತು. ಆಕೆ ಸಾಲ ಮಾಡಿ ಇನ್ನಷ್ಟು ಆಳ ಕೊರೆಸಿದರು. ಅದರ ಕಂತು ಇನ್ನೂ ತೀರಿಲ್ಲ.

ಆಳಕ್ಕೆ ಹೋದಂತೆ ಆರೋಗ್ಯದ ಮಾತು ಬರುತ್ತದೆ. ಧರ್ಮಪುರಿ, ಕೃಷ್ಣಗಿರಿ ಸೀಮೆಯ ಬಂಡೆಯಲ್ಲಿ ಫ್ಲೋರೈಡ್ ಇದೆ. 2013ರಲ್ಲಿ ಹೊಗೇನಕಲ್ ನೀರಿನ ಯೋಜನೆ ಬಂದದ್ದೇ ಆ ತೊಂದರೆ ಕಳೆಯಲು. ಬಂಡೆಯೊಳಗೆ ಬಹುಕಾಲ ನಿಂತ ಆಳದ ನೀರಿನಲ್ಲಿ ಅದು ಹೆಚ್ಚಾಗುವ ಸಂಭವವಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ. ಕುದಿಸಿದರೆ ಇದು ಹೋಗುವುದಿಲ್ಲ. ಹೊಸದಾಗಿ ಆಳ ಕೊರೆಸಿದವರು ಕುಡಿಯುವ ಮುನ್ನ ನೀರು ಪರೀಕ್ಷೆ ಮಾಡಿಸಲೇಬೇಕು. ಟ್ಯಾಂಕರಿನ ನೀರು ಕೊಳ್ಳುವ ಮಕ್ಕಳಿಗೂ ನೀವು ತಿಳಿಸಿ: ಸಂಪಿನ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, ಒಂದು ಗಂಟೆ ಬಿಟ್ಟು ಬಳಕೆ, ಕುಡಿಯಲು ಕುದಿಸಿ ಆರಿಸಿದ್ದು. ತುಂಬಿಟ್ಟ ಡ್ರಮ್ಮುಗಳಿಗೆ ಮುಚ್ಚಳ ಇರಲಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಬದಿಯನ್ನು ತಿಕ್ಕಿ ತೊಳೆಯಲಿ. ಡೆಂಗಿ ಸೊಳ್ಳೆ ಇಡುವ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗದು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಯಿತು ಎಂಬುದು ನೆನಪಿರಲಿ. ಇನ್ನೊಂದು ವಿಷಯ ಹೆಂಗಸರಿಗೆ. ಶೌಚಕ್ಕೆ ನೀರಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಬೇಡಿ, ಉರಿಮೂತ್ರಕ್ಕೆ ಅದೇ ದಾರಿ. ಆ ಮುದುಕಿ ತಾಯಿಗೆ ಆದದ್ದೂ ಅದೇ. ಸೊಸೆಗೆ ಹೇಳಲು ನಾಚಿ ಒಂದು ವಾರ ಸುಮ್ಮನಿದ್ದರು.

ರೈತರು ನಗರಕ್ಕೆ ನೀರು ಕೊಡಲೇಬಾರದೇ? ಕೊಟ್ಟವರಿದ್ದಾರೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ 2018ರ ಫೆಬ್ರವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದರು. ಆಫೀಸು, ಹೋಟೆಲು, ಎತ್ತರದ ಮನೆಗಳು, ಎಲ್ಲಕ್ಕೂ ಅದೇ. ನಲ್ಲಿಗಳನ್ನೇ ಮುಚ್ಚುವ ದಿನ ಬರುತ್ತದೆಂದು ಜನ ಹೆದರಿದ್ದರು. ಆಗ ಹತ್ತಿರದ ಗ್ರೋನ್‌ಲ್ಯಾಂಡ್ ಎಂಬ ನೀರು ಬಳಕೆದಾರರ ಸಂಘದ ಹಣ್ಣಿನ ಬೆಳೆಗಾರರು ತಮ್ಮ ಅಣೆಕಟ್ಟುಗಳಿಂದ 1,000 ಕೋಟಿ ಲೀಟರ್ ನೀರನ್ನು ನಗರಕ್ಕೆ ದಾನವಾಗಿ ಬಿಟ್ಟರು. ಆ ದಿನ ಬರಲಿಲ್ಲ. ಇದರಲ್ಲಿ ನಾವು ಗಮನಿಸಬೇಕಾದದ್ದು ಅವರ ಒಳ್ಳೆಯತನವನ್ನಷ್ಟೇ ಅಲ್ಲ. ಅವರಿಗೆ ಸಂಘವಿತ್ತು, ಅಣೆಕಟ್ಟಿನಲ್ಲಿ ಎಷ್ಟಿದೆ ಎಂಬ ಲೆಕ್ಕವಿತ್ತು, ಎಲ್ಲರೂ ಕೂಡಿ ಕೊಟ್ಟರು. ಒಬ್ಬನೇ ರಾತ್ರಿ ಹೊತ್ತಿನಲ್ಲಿ ಪೈಪು ಸಿಕ್ಕಿಸಿ ಟ್ಯಾಂಕರ್ ತುಂಬಿದ್ದಲ್ಲ.

ಪೇಟೆಯವರಿಗೂ ಒಂದು ಮಾತಿದೆ. ಕುಡಿದ ನೀರು ಕೊಳಚೆಯಾಗಿ ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ ಕೆಲವರಪಳ್ಳಿ ಅಣೆಕಟ್ಟಿಗೆ ನೊರೆಯಾಗಿ ಬರುವುದನ್ನು ನಾವು ಎಷ್ಟು ಸಲ ಕಂಡಿಲ್ಲ! ಮೇಲಿಂದ ಒಳ್ಳೆಯ ನೀರು ಕೊಂಡು, ಕೆಳಗಿನಿಂದ ನೊರೆ ಕಳಿಸುವುದು ಯಾವ ವ್ಯಾಪಾರ? ನೆರೆಯ ರಾಜ್ಯದ ರೈತನ ಬಾವಿಯನ್ನು ನೆಚ್ಚಿಕೊಂಡು ಹದಿನಾಲ್ಕು ಮಹಡಿಗೆ ಅನುಮತಿ ಕೊಟ್ಟವರನ್ನು ಆ ಮನೆ ಕೊಂಡವರೇ ಪ್ರಶ್ನಿಸಬೇಕು. ನಮ್ಮ ಮಕ್ಕಳೂ ಅವರಲ್ಲಿ ಇದ್ದಾರೆ.

ಆ ಇಬ್ಬರು ರೈತರಿಗೆ ನಮ್ಮ ಉತ್ತರ ಹೀಗೆ. ಬೇಸಾಯಕ್ಕೆಂದು ಪುಕ್ಕಟೆ ಕರೆಂಟಿನಲ್ಲಿ ಎತ್ತಿದ ನೀರನ್ನು ಬೇಸಿಗೆ ಪೂರ್ತಿ ಗುತ್ತಿಗೆಗೆ ಮಾರಬೇಡಿ, ಮುಂಗಡ ಹಿಂದಕ್ಕೆ ಕೊಡಿ. ಬಾಯಾರಿದವರಿಗೆ ನೀರು ಬೇಡವೆನ್ನುವುದು ಪಾಪವೇ, ಆದರೆ ಟ್ಯಾಂಕರಿನವನು ಬಾಯಾರಿದವನಲ್ಲ. ತೀರಾ ಕಷ್ಟ ಬಂದು ಕುಡಿಯುವುದಕ್ಕೇ ಎಂದು ಕೇಳಿದರೆ ಸುತ್ತಲಿನ ಹೊಲದವರನ್ನೆಲ್ಲ ಕೂಡಿಸಿ, ಬಾವಿಯ ಮಟ್ಟ ಅಳೆದು, ಇಷ್ಟು ದಿನ ಇಷ್ಟೇ ಎಂದು ಗೊತ್ತುಮಾಡಿ. ಈ ಮಳೆಗಾಲಕ್ಕೆ ಮುಂಚೆ ಸೂರಿನ ನೀರನ್ನು ಕೊಳವೆಬಾವಿಯ ಬಳಿಯ ಇಂಗುಗುಂಡಿಗೆ ತಿರುಗಿಸಿ.

ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಮಗಳ ಮದುವೆಯ ಸಾಲ ತೋರಿಸಿ, "ಸಾಲ ನೀವು ತೀರಿಸ್ತೀರಾ ಸ್ವಾಮಿ?" ಎಂದರು. ಅದಕ್ಕೆ ನಮ್ಮ ಬಳಿ ಸುಲಭದ ಮಾತಿಲ್ಲ. ಬರುವ ಎರಡನೇ ಭಾನುವಾರ ಪೂಜೆಯಾದ ಮೇಲೆ ಸಭಾಂಗಣದಲ್ಲಿ ಎಲ್ಲರೂ ಕೂಡೋಣ, ಅವರೂ ಬರುತ್ತಾರೆ. ಕೊಳವೆಬಾವಿ ಇರುವವರು ಎಷ್ಟು ಅಡಿಗೆ ನೀರು ಸಿಕ್ಕಿತು, ಯಾವ ವರ್ಷ ಎಷ್ಟು ಇಳಿಸಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ.